ಗಾಜಿನೊಳಗಿನ ಗಿರಾಕಿ

ಭಾಂಡುಪ್ ಸ್ಟೇಷನ್ನಿನ ಪಶ್ಚಿಮಕ್ಕೆ ನನ್ನ ಸಲೂನು.
ಎರಡು ಕುರ್ಚಿ, ಎದುರುಬದುರು ಕನ್ನಡಿ,
ಮೂಲೆಯಲ್ಲಿ ಎರಡಡಿಯ ಗಾಜಿನ ತೊಟ್ಟಿ.
ಕತ್ತರಿ ಕಂಡರೆ ಚೀರುವ ಮಕ್ಕಳಿಗೆಂದು
ಕುರ್ಲಾದಿಂದ ಲೋಕಲ್ಲಿನಲ್ಲಿ, ತೊಡೆಯ ಮೇಲಿಟ್ಟು ತಂದದ್ದು.
ಆರು ಕರಿ ಮೊಲ್ಲಿ, ಒಂದು ಮುದಿ ಗಪ್ಪಿ.

ಎದುರಿನ ಚಾಳು ಇರುವತನಕ
ಅಂಗಡಿಗೆ ಬಿಸಿಲಿನ ಪರಿಚಯವೇ ಇರಲಿಲ್ಲ.
ಚಾಳು ಹೋಯಿತು, ಇಪ್ಪತ್ತೆಂಟು ಮಾಳಿಗೆಯ ಗಾಜು ಬಂತು.
ಈಗ ಸಂಜೆ ನಾಲ್ಕಕ್ಕೆ ಸೂರ್ಯ ಅದರ ಮೈಗೆ ಬಡಿದು
ನೇರ ನನ್ನ ಮೂಲೆಗೆ ಬರುತ್ತಾನೆ,
ಬಾಡಿಗೆ ವಸೂಲಿಗೆ ಬಂದವನ ಹಾಗೆ.

ಮೊದಲು ಕಟ್ಟಿಗೆಯ ತುದಿಯಲ್ಲಿ ಒಂದೆಳೆ,
ಹತ್ತನೇ ಕ್ಲಾಸಿನ ಹುಡುಗನ ಮೀಸೆಯಷ್ಟು.
ನಕ್ಕೆ.
ಹದಿನೈದು ದಿನಕ್ಕೆ ಗಡ್ಡ.
ತಿಂಗಳಿಗೆ, ಪಂಪಿನ ಬಾಯಿಂದ ಆಚೆ ದಡದವರೆಗೆ
ಹಸಿರು ಜಡೆ. ಗಪ್ಪಿ ಅದರಲ್ಲಿ ಸಿಕ್ಕಿ ಒದ್ದಾಡಿತು.

ಮೂವತ್ತೊಂದು ವರ್ಷ ಕೂದಲು ಕಂಡ ಕೈ.
ಕತ್ತರಿ ಇಳಿಸಿದೆ.
ತುಂಡಾದದ್ದೆಲ್ಲ ತೇಲಿಹೋಗಿ
ಇನ್ನೊಂದು ಕಲ್ಲಿಗೆ ಹಿಡಿದುಕೊಂಡಿತು.
ಬಿದ್ದ ಕೂದಲು ಸತ್ತ ಕೂದಲು,
ಗುಡಿಸಿದರೆ ಮುಗಿಯಿತು ಎಂದುಕೊಂಡವನು ನಾನು.

ನೀರಿನ ಖಾತೆಯಲ್ಲಿದ್ದು ನಿವೃತ್ತರಾದ ಪೆಡ್ಣೇಕರ್
ಅರ್ಧ ಮುಖದ ನೊರೆಯಲ್ಲೇ ಹೇಳಿದರು:
“ಭಂಡಾರಿ, ಕತ್ತರಿ ಬಿಡು. ಅದರ ಊಟ ನಿಲ್ಲಿಸು.
ಮೀನಿಗೆ ಎಷ್ಟು ಸಲ ಹಾಕುತ್ತಿ?”
ಬೆಳಿಗ್ಗೆ ನಾನು, ಮಧ್ಯಾಹ್ನ ರಿಜ್ವಾನ್,
ಅತ್ತ ಮಗುವಿನ ಕೈಯಿಂದ ಒಂದು ಚಿಟಿಕೆ,
ಅಳದ ಮಗುವಿಗೆ ಶಾಭಾಸ್ ಎಂದು ಇನ್ನೊಂದು.
“ದೀಪ?”
ಏಳರಿಂದ ಹತ್ತೂವರೆ. ಅಂಗಡಿಯ ದೀಪವೇ ಅದರ ದೀಪ.
“ಹದಿನೈದೂವರೆ ತಾಸು ಹಗಲು, ಮೇಲೆ ಆ ಕಟ್ಟಡದ ಬಿಸಿಲು!
ಬೆಳೆಯದೆ ಏನು ಮಾಡೀತು, ಪಾಪ.”

ಹಳೆಯ ಹಲ್ಲುಬ್ರಷ್ಷು ತಂದೆ.
ಕತ್ತರಿಸಬಾರದು, ಸುತ್ತಬೇಕು,
ತಲೆ ಬಾಚಿಕೊಂಡ ಅಮ್ಮ ಉದುರಿದ್ದನ್ನು ಬೆರಳಿಗೆ ಸುತ್ತಿ
ಥೂ ಥೂ ಎಂದು ಬೇಲಿಯಾಚೆ ಎಸೆಯುತ್ತಿದ್ದ ಹಾಗೆ.
ಒಂದು ಬಾಲ್ದಿ ನೀರು ತೆಗೆದು, ಒಂದು ಬಾಲ್ದಿ ಹೊಸದು.
ಆಮೇಲೆ ಗಿರಾಕಿಯ ಕೊರಳಿಗೆ ಕಟ್ಟುವ ಕರಿಬಟ್ಟೆಯನ್ನೇ
ತೊಟ್ಟಿಗೆ ಹೊದಿಸಿ ಹಿಂದೆ ಗಂಟು ಹಾಕಿದೆ.
ರೂಢಿಯಲ್ಲಿ ಕೇಳಿಯೂ ಬಿಟ್ಟೆ,
“ಬಿಗಿಯಾಯಿತೇ?”

ಮೂರು ದಿನ ಕತ್ತಲೆ, ಮೂರು ದಿನ ಉಪವಾಸ.
ಮಕ್ಕಳು ಕೇಳಿದರೆ ರಿಜ್ವಾನನ ಉತ್ತರ:
“ಒಳಗೆ ಕಟಿಂಗ್ ನಡೀತಿದೆ, ಸಾಲಿನಲ್ಲಿ ಕೂತ್ಕೋ.”

ಮೂರನೇ ರಾತ್ರಿ ಶಟರು ಅರ್ಧಕ್ಕೆಳೆದು ಗಂಟು ಬಿಚ್ಚಿದೆ.
ಉಳಿದ ಜಡೆ ನರೆತಿತ್ತು, ನನ್ನ ಕಿವಿಯ ಪಕ್ಕದ ಹಾಗೆ.
ಹಸಿದ ಮೊಲ್ಲಿಗಳು ಅದನ್ನು ಎಳೆದೆಳೆದು ಬೋಳಿಸುತ್ತಿದ್ದವು.
ಗಪ್ಪಿ ಎಲ್ಲೂ ಕಾಣಲಿಲ್ಲ.
ಬೆಳಿಗ್ಗೆ ಹುಡುಕಿದರಾಯಿತೆಂದು ದೀಪ ಆರಿಸಿದೆ.
ಕಲ್ಲಿನ ಸಂದಿಯಲ್ಲಿತ್ತು. ಜೀವಂತ.

ಈಗ ನಾಲ್ಕಕ್ಕೆ ಬಾಗಿಲಿಗೆ ಪರದೆ ಎಳೆಯುತ್ತೇನೆ.
ಸೆಕೆಗೆ ಗಿರಾಕಿಗಳು ಗೊಣಗುತ್ತಾರೆ.
ಕಟ್ಟಿಗೆಯ ತುದಿಯಲ್ಲಿ ಒಂದೆಳೆ ಇದ್ದೇ ಇದೆ,
ಪೂರ್ತಿ ಹೋಗುವುದಿಲ್ಲವಂತೆ.
ಎದುರಿನ ಇಪ್ಪತ್ತೆಂಟು ಮಾಳಿಗೆಯಿಂದ
ಇನ್ನೂ ಒಬ್ಬನೂ ನನ್ನ ಕುರ್ಚಿಗೆ ಬಂದಿಲ್ಲ.
ಅವರಿಗೂ ಕೂದಲು ಬೆಳೆಯುತ್ತಿರಬೇಕು.