ಹದಿನಾಲ್ಕನೇ ಟ್ಯಾಂಕಿನ ಪಾರಿವಾಳ

ನೂರ ಎಂಬತ್ತನಾಲ್ಕು ಎಂಬಿ.
ಕಂಪನಿಯ ಮೇಲ್ ಹತ್ತಕ್ಕಿಂತ ಹೆಚ್ಚು ಹೊರುವುದಿಲ್ಲ.
ಗುರುವಾರ, ಮಧ್ಯಾಹ್ನ ಒಂದೂವರೆ.
ಸಿತ್ರಾದ ಈ ತಗಡಿನ ಆಫೀಸಿನಲ್ಲಿ ಎಸಿ ಕೆಮ್ಮುತ್ತಿದೆ.
ನಾಲ್ಕರೊಳಗೆ ವರದಿ ತಲುಪದಿದ್ದರೆ
ಬಿಲ್ಲು ಮುಂದಿನ ತಿಂಗಳಿಗೆ.

ಮೊದಲು ಅಕ್ಷರಗಳನ್ನೇ ಸಂಶಯಪಟ್ಟೆ.
ಪಾಪ, ಅಕ್ಷರಕ್ಕೆಂಥ ತೂಕ!
ಇಡೀ ವರದಿಯ ಮಾತೆಲ್ಲ ಸೇರಿದರೂ
ಒಂದು ಫೋಟೋದ ಕಿರುಬೆರಳಿಗೆ ಸಮವಿಲ್ಲ.

ಪಕ್ಕದ ಮೇಜಿನ ರೊಡೆಲ್ ಹೇಳಿಕೊಟ್ಟ ಉಪಾಯ:
ಫೈಲಿನ ಬಾಲ ಬದಲಿಸು, ಜಿಪ್ ಎಂದು ಕರೆ,
ಗಂಟು ತಾನೇ ಬಿಚ್ಚಿಕೊಳ್ಳುತ್ತದೆ.
ಬಿಚ್ಚಿತು. ಒಳಗೆ ಮೀಡಿಯಾ ಎಂಬ ಕೋಣೆ,
ಅದರೊಳಗೆ ನಮ್ಮ ಲೋಗೋ, ನೀಲಿ ವೃತ್ತ, ಕೆಂಪು ಜ್ವಾಲೆ,
ಇನ್ನೂರ ಹನ್ನೆರಡು ಸಲ,
ಕ್ಯಾಂಪಿನ ಬಾಗಿಲಲ್ಲಿ ಬಿಟ್ಟ
ಒಂದೇ ಅಳತೆಯ ಸೇಫ್ಟಿ ಶೂಗಳ ಹಾಗೆ.

ಪುಟಪುಟಕ್ಕೂ ಅಂಟಿಸಿದವಳು ನಾನೇ,
ಹನ್ನೊಂದು ವರ್ಷದ ಅನುಭವಸ್ಥೆ, ಡಾಕ್ಯುಮೆಂಟ್ ಕಂಟ್ರೋಲರ್ ಜೆಸಿಂತಾ.
ಎಲ್ಲ ಕಿತ್ತೆ. ಹೆಡರಿನಲ್ಲಿ ಒಂದೇ ಒಂದು ಇಟ್ಟೆ.
ಈಗ ಪ್ರತಿ ಪುಟವೂ ಅದನ್ನೇ ನೋಡಿಕೊಳ್ಳುತ್ತದೆ,
ಓಣಿಗೆಲ್ಲ ಒಂದೇ ಗಡಿಯಾರ ಸಾಕಾದಂತೆ.
ನೂರ ಮೂವತ್ತು. ಇನ್ನೂ ಭಾರ.

ಉಳಿದದ್ದು ಬೆಸುಗೆಯ ಫೋಟೋಗಳು.
ಬೆಸುಗೆ ಏಳು, ಬೆಸುಗೆ ಎಂಟು, ಹೀಗೇ ನಲವತ್ತರ ತನಕ
ಎಲ್ಲ ಬೇರೆ ಬೇರೆ, ಎಲ್ಲ ತುಕ್ಕು, ಎಲ್ಲ ಹತ್ತಿರದಿಂದ.
ಕೋಣೆಯಲ್ಲಿ ಇಣುಕಿದರೆ ಎಲ್ಲದರ ತೂಕ ಒಂದೇ,
ಒಂದು ಬೈಟಿನ ಹೆಚ್ಚುಕಡಿಮೆ ಇಲ್ಲ.
ಅವಳಿ ಮಕ್ಕಳೂ ಹೀಗೆ ತೂಗುವುದಿಲ್ಲ.

ವರ್ಡಿನಲ್ಲಿ ಕತ್ತರಿಸಿದ್ದು ಕತ್ತರಿಸಿದ್ದಲ್ಲ,
ಮಡಚಿದ್ದು. ಕಲೆಯನ್ನು ನೆರಿಗೆಯೊಳಗೆ ಸೇರಿಸಿ
ಸೀರೆ ಉಟ್ಟ ಹಾಗೆ.
ಅಂಚು ಹಿಡಿದು ಎಳೆದೆ.
ಏಳರ ಮಡಿಕೆಯಿಂದ ಬಂತು ಏಣಿಯ ಕಂಬಿ, ಬಿಳಿಚಿದ ಆಕಾಶ,
ಪೈಪಿನ ಮೇಲೊಂದು ಪಾರಿವಾಳ, ಒಂದು ಕಾಲು ಎತ್ತಿಕೊಂಡು.
ಎಂಟನ್ನು ಎಳೆದೆ. ಪಾರಿವಾಳ. ಒಂದು ಕಾಲು.
ಇಪ್ಪತ್ತಮೂರು. ಪಾರಿವಾಳ.
ನಲವತ್ತರವರೆಗೂ ಅದು ಕಾಲು ಇಳಿಸಲೇ ಇಲ್ಲ.

ಉಮರಬ್ಬ ಬಾಗಿಲಲ್ಲಿ, ಕೈಯಲ್ಲಿ ನನಗೂ ಒಂದು ಕರಕ್ ಚಹಾ.
ಪರದೆ ನೋಡಿದ. ಚಹಾ ಇಟ್ಟ. ಕೂತ.
ತನ್ನ ಶೂಗಳಿಗೆ ಹೇಳುವಂತೆ ಹೇಳಿದ:
ಕಂಬಿ ಮುಟ್ಟಿದ್ರೆ ಗ್ಲೌಸಿನ ಒಳಗೂ ಬೊಕ್ಕೆ ಏಳ್ತದೆ ಅಕ್ಕ,
ಏಳರ ತನಕ ಹತ್ತಿದೆ, ಕಣ್ಣು ಕತ್ತಲೆ ಬಂತು.
ಉಳಿದವೂ ಹಾಗೇ ಇವೆ ಅಂತ ಕೆಳಗಿಂದಲೇ ಕಾಣ್ತಿತ್ತು.

ಕಾಣ್ತಿತ್ತೇನೋ.

ಎರಡು ಕ್ಲಿಕ್ಕಿನ ಕೆಲಸ:
ಕತ್ತರಿಸಿದ ಭಾಗ ಅಳಿಸು, ಎಲ್ಲ ಚಿತ್ರಗಳಿಗೂ.
ಪಾರಿವಾಳ ಹಾರಿಹೋಗುತ್ತದೆ,
ಆರು ಎಂಬಿ, ಹಗುರ, ನಾಲ್ಕಕ್ಕೆ ಮುಂಚೆಯೇ ಮುಟ್ಟುತ್ತದೆ,
ಆಮೇಲೆ ಯಾರು ಎಳೆದರೂ ಏನೂ ಬರುವುದಿಲ್ಲ.
ನನ್ನ ಬೆರಳು ಮೌಸಿನ ಮೇಲೆ ಎಷ್ಟು ಹೊತ್ತು ಇತ್ತೆಂದು
ರೊಡೆಲ್‌ಗೆ ಗೊತ್ತು. ಅವನು ಹೆಡ್‌ಫೋನ್ ಹಾಕಿಕೊಂಡ.
ಚಹಾ ಕೆನೆಗಟ್ಟಿತು.

ಬಿಲ್ಲು ಮುಂದಿನ ತಿಂಗಳಿಗೇ ಹೋಯಿತು.
ಮ್ಯಾನೇಜರು ಇಂಗ್ಲಿಷಿನಲ್ಲಿ ಶುರುಮಾಡಿ
ಅರಬ್ಬಿಯಲ್ಲಿ ಬೈದು ಮುಗಿಸಿದ.
ಶನಿವಾರ ಬೆಳಗಿನ ಜಾವ ನಾಲ್ಕಕ್ಕೆ ಉಮರಬ್ಬ ಹತ್ತಿದ,
ಕೆಳಗೆ ನಾನು, ಟಾರ್ಚು ಹಿಡಿದು ನಂಬರು ಕೂಗುತ್ತ,
ಕೂಗಿ ಕೂಗಿ ಕೊನೆಗೆ ತುಳುವಿನಲ್ಲೇ ಎಣಿಸುತ್ತ.
ಮೂವತ್ತಮೂರು ಬೆಸುಗೆ, ಮೂವತ್ತಮೂರು ಫೋಟೋ.
ಒಂದರಲ್ಲಿ ಅವನ ಹೆಬ್ಬೆರಳು, ಮೂರರಲ್ಲಿ ಮಸುಕು,
ಮೂವತ್ತೊಂದರಲ್ಲಿ
ಕೂದಲೆಳೆಯಷ್ಟು ಒಂದು ಬಿರುಕು.

ಈಗ ಕಿತ್ತು ಹಾಕಲು ಏನೂ ಇಲ್ಲ.
ಒಂದನ್ನಿಟ್ಟು ಉಳಿದವರಿಗೆ ಅದನ್ನೇ ನೋಡಿಕೊಳ್ಳಿ ಎನ್ನುವಂತಿಲ್ಲ.
ಎಷ್ಟು ಕುಗ್ಗಿಸಿದರೂ ಅರವತ್ತೊಂದು.
ಏಳು ಮೇಲ್ ಮಾಡಿ ಕಳಿಸಿದೆ, ಒಂದರ ಬೆನ್ನಿಗೆ ಒಂದು.

ಏಳನೆಯ ಬೆಸುಗೆಯ ಫೋಟೋ ಮಾತ್ರ ಹಳೆಯದೇ.
ಅದನ್ನು ಕತ್ತರಿಸಲಿಲ್ಲ. ಕಂಬಿ, ಆಕಾಶ, ಎತ್ತಿದ ಕಾಲು
ಎಲ್ಲ ಇದ್ದ ಹಾಗೇ ಬಿಟ್ಟೆ.
ಷರಾ ಎಂಬ ಕಾಲಮ್ಮಿನಲ್ಲಿ ಬರೆದೆ:
ಹಕ್ಕಿ, ಒಂದು.