ತಗಡು

ಕಲ್ಲಿನ ಕೆಳಗೊಂದು ತಗಡು ಇಡುತ್ತೇವೆ,
ಉಗುರಿಗಿಂತ ತೆಳು, ಉಸಿರು ತಾಗಿದರೆ ಹಾರುವಂಥದು.
ಮೇಲೆ ಕಲ್ಲು ಕೂತಮೇಲೆ ಅದು ಯಾರಿಗೂ ಕಾಣಬಾರದು.
ಕಂಡರೆ ಕೆಲಸ ಕೆಟ್ಟಿತೆಂದೇ ಅರ್ಥ.

ಮನಾಮಾ. ಚಿನ್ನದ ಸೂಕಿನ ಹಿಂದಿನ ಗಲ್ಲಿ, ಮೂರನೇ ಮಾಳಿಗೆ.
ಎ.ಸಿ. ತೊಟ್ಟಿಕ್ಕುವ ನೀರಿಗೊಂದು ಪೇಂಟಿನ ಡಬ್ಬಿ.
ಪಕ್ಕದ ಮಣೆಯಲ್ಲಿ ಕುಮಟೆಯ ದತ್ತಾರಾಮ,
ಊದುಗೊಳವೆ ಬಾಯಲ್ಲಿದ್ದರೂ ಮಾತು ನಿಲ್ಲದು.

ರಾತ್ರಿ ನಾನು ಕಾದಂಬರಿ ಬರೆಯುತ್ತೇನೆ,
ಅಂಗಡಿಯ ಹಳೇ ರಸೀದಿಗಳ ಬೆನ್ನಿಗೆ.
ನಾಯಕ ಚಿದಂಬರ, ಮಿತಭಾಷಿ, ಆಡಿದ್ದಕ್ಕೆ ತಪ್ಪದವನು
(ಹೌದು, ಸ್ವಲ್ಪ ನನ್ನ ಹಾಗೆ).
ನಲವತ್ತು ಪುಟವಾದರೂ ಮಂಕಾಗಿಯೇ ಇದ್ದ.
ಆಗ ದತ್ತಾರಾಮನನ್ನು ಕದ್ದೆ:
ಅವನ ಸಾಲ, ಅವನ ಗಹಗಹ,
ಶುಕ್ರವಾರ ಮೀನುಪೇಟೆಯಲ್ಲಿ ಒಂದು ಬಂಗುಡೆಗೆ
ಎರಡು ತಾಸು ಚೌಕಾಸಿ ಮಾಡುವ ಚಟ.
ಹೆಸರು ಬದಲಿಸಿ, ತೆಳ್ಳಗೆ ಬಡಿದು
ಚಿದಂಬರನ ಕೆಳಗಿಟ್ಟೆ.
ಎಂಥ ಹೊಳಪು ಬಂತು!

ಮೊನ್ನೆ ಬಾಗಿಲಾಚೆ ಅವನು, ಫೋನಿನಲ್ಲಿ, ಹೆಂಡತಿಗೆ:
“ಇಲ್ಲ ಮಾರಾಯ್ತಿ, ಅಂವಗೆ ಯಾರೂ ಇಲ್ಲ.
ಸಾರಿಗೆ ಉಪ್ಪು ಹಾಕದಿದ್ದರೂ ಸುಮ್ಮನೆ ಉಣ್ಣುತ್ತಾನೆ.
ಆರು ವರ್ಷದಲ್ಲಿ ಒಂದೇ ಸಲ ನಕ್ಕಿದ್ದು, ಅದೂ ಕೆಮ್ಮೋ ಏನೋ.
ಅಂವನ್ನ ನೋಡಿದಾಗೆಲ್ಲ ಅನಿಸ್ತದೆ, ಸಾಲ ಇದ್ದರೆ ಇರಲಿ,
ನಾನು ಎಷ್ಟು ಬದುಕಿದ್ದೇನೆ ಅಂತ.”

ಕೈಯಲ್ಲಿ ಎರಡು ಲೋಟ ಕರಕ್ ಚಹಾ ಹಿಡಿದು ನಿಂತೇ ಇದ್ದೆ.
ದಿನಾ ರಾತ್ರಿ ಹತ್ತಕ್ಕೆ, ಸಮುದ್ರದಾಚೆ ಒಂದು ಅಡುಗೆಮನೆಯಲ್ಲಿ,
ನಾನು ಕಲ್ಲಿನ ಕೆಳಗೆ ಹೋಗುತ್ತಿದ್ದೆ.
ಗೊತ್ತೇ ಇರಲಿಲ್ಲ.

ಮುತ್ತಿಗೆ ತಗಡು ಬೇಡವಲ್ಲ, ಎಂದು ಕೇಳಿದೆ
ಕೆಳಗಿನ ಅಂಗಡಿಯ ಮುದುಕ ಜಾಸಿಮನನ್ನು.
ಅವನಜ್ಜ ಮುಳುಗಿ ತಂದ ಮುತ್ತೊಂದು ಇನ್ನೂ ಅವನ ಬಳಿಯಿದೆ.
ಮಾತಾಡದೆ ಗಂಟು ಬಿಚ್ಚಿದ. ಕೆಂಪು ಬಟ್ಟೆ.
ಆಮೇಲೆ ಅದನ್ನೇ ಬಿಳಿ ಕಾಗದದ ಮೇಲಿಟ್ಟ.
ಹರಳುಪ್ಪು.

ಸಂಜೆ ಇಬ್ಬರೂ ಒಂದೇ ಬೋಗುಣಿಯಲ್ಲಿ ಕೈ ತೊಳೆಯುತ್ತೇವೆ,
ಬೆರಳಿಗಂಟಿದ ಹುಡಿ ಮಾಲೀಕನಿಗೆ ಸೇರಬೇಕು.
ತಳದಲ್ಲಿ ಕೂತ ಚಿನ್ನದಲ್ಲಿ ಅವನದೆಷ್ಟು, ನನ್ನದೆಷ್ಟು?
ಮೇಲಿನ ಕನ್ನಡಿಯ ಬೆನ್ನಿನ ರಸ ಅಲ್ಲಲ್ಲಿ ಉದುರಿದೆ;
ಅಲ್ಲೆಲ್ಲ ಮುಖವಿಲ್ಲ, ಬರೀ ಗೋಡೆ.
“ಏನು ನೋಡ್ತೀಯೋ?” ಅಂದ ದತ್ತಾರಾಮ.

ಇವತ್ತು ನಲವತ್ತೊಂದನೇ ಪುಟದಲ್ಲಿ
ಆ ಸಾಲಗಾರನ ಕೈಗೊಂದು ಫೋನು ಕೊಟ್ಟಿದ್ದೇನೆ.
ನಗುತ್ತ ಏನೋ ಹೇಳುತ್ತಿದ್ದಾನೆ, ನಿಲ್ಲಿಸುತ್ತಲೇ ಇಲ್ಲ.
ಚಿದಂಬರ ಬಾಗಿಲಾಚೆ ನಿಂತಿದ್ದಾನೆ.
ಚಹಾ ಆರುತ್ತಿದೆ.