ಅರ್ಧ ಕಿಲೋ ಕುದುರೆ

ಟ್ರಿಗರ್ ಅಂದರೆ ವಾಮನ ಮಾಮ ತಲೆ ಎತ್ತುವುದಿಲ್ಲ.
ಕುದುರೆ ಅನ್ನು, ಅನ್ನುತ್ತಾರೆ,
ನಮ್ಮ ಕಾಲದಿಂದ ಬಂದೂಕಿಗೆ ಇರುವುದು ಕುದುರೆ.
ಸರಿ. ನನ್ನ ಕುದುರೆಯ ಬಾಯಲ್ಲಿ ಮರಳಿದೆ ಮಾಮ,
ಎಳೆದರೆ ಅನ್ನದಲ್ಲಿ ಕಲ್ಲು ಕಡಿದ ಹಾಗೆ
ನಡುವೆ ಎಲ್ಲೋ ಕಟಕ್ ಅನ್ನುತ್ತದೆ,
ಅಷ್ಟರಲ್ಲಿ ಹತ್ತು ಹೋಗಿ ಎಂಟಾಗಿರುತ್ತದೆ.

ಭದ್ರಾವತಿಯ ನಿವೃತ್ತ ಡ್ರಿಲ್ ಮಾಸ್ತರರಿಂದ
ಕಂತಿನಲ್ಲಿ ಕೊಂಡ ಏರ್ ಪಿಸ್ತೂಲು.
ಅವರಿಗಿಂತ ಮುಂಚೆ ಯಾರದೋ,
ಎಷ್ಟು ಬೆರಳು ಸವೆದಿವೆಯೋ ಅದರ ಮೇಲೆ.

ಡ್ರಾಯರಿನಲ್ಲಿ ಇನ್ನೊಂದು ಇದೆ:
ಜರ್ಮನಿಯ ಟ್ರಿಗರ್ ಸೆಟ್ಟು, ನೀಲಿ ಅಲ್ಯೂಮಿನಿಯಂ,
ಕಸ್ಟಮ್ಸ್ ಸೇರಿ ಹತ್ತೊಂಬತ್ತು ಸಾವಿರದ ನಾನ್ನೂರು,
ಬಸ್ ಡಿಪೋ ಗುಮಾಸ್ತೆಗೆ ಒಂದು ವರ್ಷದ ಬೋನಸ್ಸು.
ಹಾಕಿ ಮರೆತುಬಿಡು, ಅಂದಳು ತಸ್ನೀಮ್.
ಮರೆಯುವುದಕ್ಕೇ ಕೊಡುವ ದುಡ್ಡು ಅದು.

ಆದರೂ ಗಾಂಧಿ ಬಜಾರಿನ ಗಲ್ಲಿಗೆ ಹೋದೆ,
ಇಬ್ಬರು ಕೂತರೆ ಮೂರನೆಯವರು ನಿಲ್ಲಬೇಕಾದ ಅಂಗಡಿಗೆ.
ಮಾಮ ಕಣ್ಣಿಗೆ ಭೂತಗಾಜು ಸಿಕ್ಕಿಸಿ
ಉಕ್ಕಿನ ಆ ಚೂರನ್ನು ಚಿಮಟದಲ್ಲಿ ತಿರುಗಿಸಿದರು.
ಮೂಗುಬೊಟ್ಟಿನ ತಿರುಪಿಗಿಂತ ದೊಡ್ಡದೇ ಇದೆ, ಬಿಡು.
ಮೂರು ಸಂಜೆ. ಕಲ್ಲು, ಎಣ್ಣೆ, ಚಕ್ಕಳದ ಪಟ್ಟಿ,
ಕರೆಂಟು ಹೋದಾಗ ನನ್ನ ಮೊಬೈಲಿನ ಬೆಳಕು.
ಉಜ್ಜುವುದು ಯಾರಿಗೂ ಬರುತ್ತೆ ಕಣೇ,
ನಿಲ್ಲಿಸುವುದಕ್ಕೆ ನಲವತ್ತು ವರ್ಷ ಬೇಕು.

ನಾಲ್ಕನೆಯ ಸಂಜೆ ಎಳೆದೆ.
ನಾಲಿಗೆಯಲ್ಲಿ ನೂಕುತ್ತಾ ನೂಕುತ್ತಾ
ಯಾವಾಗಲೋ ತಾನೇ ಕಳಚಿ ಬಾಯಿಗೆ ಬಂದ
ಹಾಲುಹಲ್ಲಿನ ಹಾಗೆ
ಬಿಟ್ಟಿತು.

ಐನೂರು ಗ್ರಾಂ, ನಿಯಮ.
ಒಂದು ಗುಲಗಂಜಿಯೂ ಕಡಿಮೆ ಆಗಕೂಡದು.
ಪಿಸ್ತೂಲಿನ ಮೂತಿ ಮೇಲೆ ಮಾಡಿ
ಕುದುರೆಗೆ ಬಟ್ಟು ನೇತುಹಾಕಿ ಎತ್ತಬೇಕು, ಅದು ಹೊತ್ತು ನಿಲ್ಲಬೇಕು.
ಪಕ್ಕದ ಮೆಣಸಿನಕಾಯಿ ಅಂಗಡಿಯಿಂದ
ಘಾಟು ಹತ್ತಿದ ಹಿತ್ತಾಳೆ ಬಟ್ಟು ತಂದೆವು.
ಒಮ್ಮೆ ನಿಂತಿತು.
ಎರಡನೆಯ ಸಲವೂ.
ಮೂರಕ್ಕೆ, ಟಪ್.
ಬಟ್ಟು ಕೊಟ್ಟ ಮಲ್ಲೇಶಣ್ಣ ಬಾಗಿಲಲ್ಲೇ ನಿಂತು ನಕ್ಕ:
ಅಕ್ಕನ ಚಿನ್ನವನ್ನೇ ಬಿಡದ ಅಕ್ಕಸಾಲಿ
ಸೊಸೆಯ ಕಬ್ಬಿಣ ಬಿಟ್ಟಾನೇನು!

ನಾನೂ ನಗಬೇಕೆಂದಿದ್ದೆ. ಮಾಮನ ಮುಖ ನೋಡಿ ಬಿಟ್ಟೆ.
ಹುಟ್ಟುವ ಮೊದಲೇ ಯಾರೋ ಹೊರಿಸಿದ ಗಾದೆ,
ಅದರ ಅಡಿಯಲ್ಲೇ ಕೂತು ಅಷ್ಟು ಮದುವೆಗಳ ಬಂಗಾರ ತೂಗಿದವರು,
ಮುಳ್ಳು ನೋಡದೆ ತಮ್ಮ ಕೈ ನೋಡುವ ಕಣ್ಣುಗಳ ಎದುರು.
ಮಾತಾಡದೆ ತಿರುಪನ್ನು ಕೂದಲಿನಷ್ಟು ತಿರುಗಿಸಿದರು.
ಮತ್ತೆ ತೂಗಿದರು. ಹತ್ತು ಸಲ. ಹನ್ನೊಂದು.
ಮಲ್ಲೇಶಣ್ಣ ಹೋಗಿಯಾಗಿತ್ತು. ಹನ್ನೆರಡು.

ಶುಕ್ರವಾರ ರಾತ್ರಿ ಎರಡೂ ಮೇಜಿನ ಮೇಲೆ.
ಕೊಂಡದ್ದು ಹಾಕಿ ಗುರಿ ತಪ್ಪಿದರೆ ತಪ್ಪು ನನ್ನ ಕೈಯದು,
ಲೆಕ್ಕ ಅಲ್ಲಿಗೆ ಮುಗಿಯಿತು.
ಮಾಮನದು ಹಾಕಿದರೆ, ಒಂದೊಂದು ಎಂಟಿಗೂ
ಮನಸ್ಸು ಗಾಂಧಿ ಬಜಾರಿಗೆ ಓಡುತ್ತದೆ,
ಗೊತ್ತಿದೆ ನನಗೆ ನನ್ನ ಮನಸ್ಸು.
ಇನ್ನು ಆ ತೂಕದ ಮೇಜು,
ಯಾರೋ ಅಪರಿಚಿತರ ಕೈಯಲ್ಲಿ, ಎಲ್ಲರ ಮುಂದೆ, ಜಾರಿದರೆ?
ನೀಲಿಯದನ್ನು ಹಾಕಿದೆ.
ಬಲು ಚೆನ್ನಾಗಿತ್ತು, ಸುಳ್ಳು ಹೇಳಬಾರದು.
ಹನ್ನೆರಡೂವರೆಗೆ ತೆಗೆದೆ.

ಸಾಗರ ರಸ್ತೆಯ ಹಳೇ ಅಕ್ಕಿ ಗಿರಣಿ ಶೆಡ್ಡು,
ಗೋಡೆಗೆ ಇನ್ನೂ ತೌಡಿನ ವಾಸನೆ.
ಹಗ್ಗದ ಆಚೆ ಇಸ್ತ್ರಿ ಅಂಗಿ ಹಾಕಿ ಮಾಮ.
ಅಧಿಕಾರಿ ಬಟ್ಟು ಸಿಕ್ಕಿಸಿ ಎತ್ತಿದರು,
ನಾನು ಮಾತ್ರ ಮಾಮನ ಗಂಟಲನ್ನೇ ನೋಡುತ್ತಿದ್ದೆ,
ಅದು ಒಮ್ಮೆ ಇಳಿದು, ಮೇಲೆ ಬರದೆ, ಅಲ್ಲೇ ನಿಂತಿತ್ತು.
ಸರಿ, ಮುಂದೆ ಹೋಗಿ, ಅಂದರು.

ಹದಿನಾಲ್ಕನೆಯವಳಾದೆ, ಇಪ್ಪತ್ತಾರು ಜನರಲ್ಲಿ.
ಅಂಕ ಎಷ್ಟೆಂದು ಮಾಮ ಇವತ್ತಿಗೂ ಕೇಳಿಲ್ಲ.
ಬಸ್ಸು ಹತ್ತುವಾಗ ಕೇಳಿದ್ದು ಇಷ್ಟೇ:
ಒಂದೇ ಸಲ ಎತ್ತಿದರಲ್ಲ, ಯಾಕೆ?
ಮೂರು ಸಲ ಎತ್ತಬೇಕಿತ್ತು.

ನೀಲಿಯದು ಡ್ರಾಯರಿನಲ್ಲಿದೆ.
ಮುಂದಿನ ವರ್ಷ ಹಾಕಿದರೂ ಹಾಕಿಯೇನು.